ಅಕ್ಕ ಓದಿದ ಅಂಕಿ

ವಿಮಾನ ಪರೀಕ್ಷಾ ಕೇಂದ್ರದಲ್ಲಿ ಅವಳು ಎಲ್ಲರಿಗೂ ಅಕ್ಕ. ಹಾರುವಾಗ ವಿಮಾನದ ಯಂತ್ರ ಗೀಚಿದ ಕಾಗದದ ಸುರುಳಿಯನ್ನು ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು, ಗೆರೆಯ ಎತ್ತರ ಅಳೆದು, ವೇಗ ಎಷ್ಟೆಂದು ಬರೆಯುವುದು ಅವಳ ಕೆಲಸ. ಹದಿನೆಂಟು ವರ್ಷದಲ್ಲಿ ಒಂದೇ ಒಂದು ಅಂಕಿ ಆಚೀಚೆ ಆಗಿರಲಿಲ್ಲ.

ಒಂದು ದಿನ, ಅಲ್ಲೇ ಪೈಲಟ್ ಆಗಿದ್ದ ಅವಳ ಸ್ವಂತ ತಮ್ಮನ ಸುರುಳಿಯೂ ಆ ಮೇಜಿಗೆ ಬಂತು. ತಮ್ಮ ಬರಲಿಲ್ಲ. ಬಿದ್ದ ವಿಮಾನದಲ್ಲಿ ಸಿಕ್ಕಿದ, ಅಂಚು ಸುಟ್ಟ ಕಾಗದ. ಬೇರೆಯವರು ಅಳೆಯಲಿ ಎಂದರೆ ಕೇಳದೆ ತಾನೇ ಅಳೆದಳು: ಶಬ್ದದ ವೇಗದ ಎರಡು ಪಾಯಿಂಟ್ ನಾಲ್ಕು ಪಟ್ಟು. ಅದುವರೆಗೆ ಅಷ್ಟು ಜೋರಾಗಿ ಯಾರೂ ಹಾರಿರಲಿಲ್ಲ. ಆದರೆ ನಿಯಮ ಅಂತ ಒಂದಿದೆಯಲ್ಲ, ಹಾಳಾದ್ದು! ವಿಮಾನ ನೆಟ್ಟಗೆ ನೆಲಕ್ಕಿಳಿದರೆ ಮಾತ್ರ ದಾಖಲೆ. ಸತ್ತವನ ವೇಗ ಲೆಕ್ಕಕ್ಕಿಲ್ಲ.

ಅಂದು ಅವಳ ಮನೆ ಬಾಗಿಲಲ್ಲಿ ಕೂತು ಮಗುವಿನ ಹಾಗೆ ಅತ್ತವನು ತಮ್ಮನ ಜೊತೆಗಾರ, ಮಿಂಚು ಎಂದೇ ಹೆಸರಾದ ಪೈಲಟ್. "ಅಕ್ಕಾ, ಅವನೇ ನನಗಿಂತ ಮುಂದೆ. ನಾನು ಯಾವತ್ತಾದ್ರೂ ವೇದಿಕೆ ಹತ್ತಿದ್ರೆ ನಾಲ್ಕು ಜನರ ಮುಂದೆ ಇದನ್ನ ಹೇಳೇ ಹೇಳ್ತೀನಿ. ನಿಮ್ಮಾಣೆ." ಆ ಮಾತೊಂದನ್ನು ಹಿಡಿದುಕೊಂಡೇ ಅವಳು ಮತ್ತೆ ಕೆಲಸಕ್ಕೆ ಹೋದಳು.

ಎರಡು ತಿಂಗಳಿಗೆ ಮಿಂಚು ಎರಡು ಪಾಯಿಂಟ್ ಒಂದು ಹಾರಿ, ಮೆತ್ತಗೆ ಇಳಿದ; ದಾಖಲೆ ಅವನದಾಯಿತು. ಅದನ್ನು ಅಳೆದವಳೂ ಅವಳೇ. ಊರಿಗೆ ಊರೇ ಅವನನ್ನು ತಲೆ ಮೇಲೆ ಹೊತ್ತು ಕುಣಿಯಿತು. ಅಂಕಿಯನ್ನು ಮಾತ್ರ ಸನ್ಮಾನದ ದಿನ ಹೇಳೋಣವೆಂದು ಅಧಿಕಾರಿಗಳು ಗುಟ್ಟಾಗಿಟ್ಟರು.

ಆ ದಿನ ಮಿಂಚು ಅರ್ಧ ಗಂಟೆ ಮಾತಾಡಿದ. ಎಂಜಿನ್ನಿನ ಮಾತು ಬಂತು, ಮೋಡದ ಮಾತು ಬಂತು, ಅವನ ಮನೆಯ ನಾಯಿಯ ಮಾತೂ ಬಂತು. ತಮ್ಮನ ಮಾತು ಬರಲಿಲ್ಲ. ಮೂರನೇ ಸಾಲಿನಲ್ಲಿ ಕೂತ ಅವಳು ಒಂದೊಂದು ಮಾತಿಗೂ ಕಿವಿಗೊಟ್ಟು ಕಾಯುತ್ತಲೇ ಇದ್ದಳು.

"ನಿಮಗಿಂತ ಜೋರಾಗಿ ಯಾರಾದ್ರೂ ಹಾರಿದ್ದುಂಟಾ?" ಎಂದ ಒಬ್ಬ ಪತ್ರಕರ್ತ.

"ತಿರುಗಿ ನೋಡ್ದೆ ಸ್ವಾಮಿ, ಹತ್ತಿರದಲ್ಲಿ ಯಾರೂ ಕಾಣ್ಲಿಲ್ಲ!" ಜನ ಬಿದ್ದು ಬಿದ್ದು ನಕ್ಕರು. ಆ ಹುಮ್ಮಸ್ಸಿನಲ್ಲೇ ಮಿಂಚು ಅವಳತ್ತ ಕೈ ತೋರಿಸಿದ. "ಅಗೋ ನಮ್ಮ ಅಕ್ಕ. ಅವರ ಅಂಕಿ ತಪ್ಪಿದ್ದೇ ಇಲ್ಲ. ಅಕ್ಕಾ, ಎಷ್ಟು ಅಂತ ನೀವೇ ಹೇಳಿಬಿಡಿ."

ಮೈಕು ಕೈಗೆ ಬಂತು. ಅವಳು ಎದ್ದು, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಎರಡು ಪಾಯಿಂಟ್ ನಾಲ್ಕು."

ಅವನ ಮುಖ ಬಿಳಚಿಕೊಂಡಿತು. ಯಾರ ಅಂಕಿಯೆಂದು ಅವನಿಗೆ ಗೊತ್ತಿಲ್ಲವೇ? 'ಅದು ನನ್ನದಲ್ಲ, ಅವನದು' ಎಂದರೆ ಸಾಕಿತ್ತು. ಹೇಳುತ್ತಾನೆ, ಈಗಲಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಚಪ್ಪಾಳೆ ಶುರುವಾಯಿತು. ಅವನು ಅವಳನ್ನು ನೋಡಿದ, ಸಭೆಯನ್ನು ನೋಡಿದ, ಆಮೇಲೆ ಕೈಮುಗಿದು ತಲೆ ಬಾಗಿಸಿದ. "ಅದು ನನ್ನ ತಮ್ಮಂದು ಕಣ್ರೀ!" ಎಂದು ಅವಳು ಕೂಗುವ ಹೊತ್ತಿಗೆ ಮೈಕು ಬೇರೆ ಸಾಲಿಗೆ ಹೋಗಿತ್ತು.

ಮರುದಿನ ಪತ್ರಿಕೆಯ ಮುಖಪುಟದಲ್ಲಿ ಮಿಂಚುವಿನ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ ತಮ್ಮನ ಅಂಕಿ. ತಿದ್ದಿಸಿ ಎಂದು ಅವಳು ಕೇಂದ್ರದ ಮುಖ್ಯಸ್ಥರ ಮೇಜಿನ ಮೇಲೆ ಪತ್ರಿಕೆ ಕುಕ್ಕಿದಳು.

ಅವರು ನಿಧಾನಕ್ಕೆ ಕನ್ನಡಕ ಒರೆಸಿಕೊಂಡರು. "ಈಗೇನು ತಿದ್ದೋದು, ಬಿಡಮ್ಮ. ಹೇಳಿದ್ದು ನೀನೇ ಅಲ್ವಾ? ನಿನ್ನ ಅಂಕಿ ತಪ್ಪೋದಿಲ್ಲ ಅಂತ ಎಲ್ರಿಗೂ ಗೊತ್ತು."