ಯಾರೂ ಅಲ್ಲದಾಕಿ

ತೊಗರಿ ರಾಶಿ ಮುಗಿದು ಬಿಸಿಲು ಚುರುಕಾಗುತ್ತಿದ್ದ ಮಾಘ ಮಾಸ. ಗಂಡಸರು ಉಂಡು ಅಡತಿ ಅಂಗಡಿಗೆ ಹೋದ ಹೊತ್ತು. ಆಗ ಆಳಂದದಲ್ಲಿ ನಿಜಾಮ ಸರಕಾರ. ದೊಡ್ಡ ಯುದ್ಧದ ಸುದ್ದಿ ಇನ್ನೂ ಬಂದಿರಲಿಲ್ಲ. ಬಳೆ ಮಾರುವ ಮುಮತಾಜ ನಮ್ಮ ಪಡಸಾಲೆಯಲ್ಲಿ ಬುಟ್ಟಿ ಇಳಿಸಿದಳು. ನಾನೂ ನನ್ನ ನೆಗೆಣ್ಣಿ ಸುಮಿತ್ರಕ್ಕನೂ ಕೈ ಚಾಚಿ ಕೂತೆವು.

ಸುಮಿತ್ರಕ್ಕ ನಮ್ಮ ಭಾವ ದೌಲತರಾಯರ ಎರಡನೆಯ ಹೆಂಡತಿ. ಮೊದಲಿನವಳು ಶಾರದಾಬಾಯಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಸತ್ತ ಸವತಿಯ ಹೆಸರಿನ ಬೆಳ್ಳಿ ತಗಡೊಂದು, ರೂಢಿಯಂತೆ, ಸುಮಿತ್ರಕ್ಕನ ಕೊರಳಲ್ಲಿ ತಾಳಿಯ ಪಕ್ಕದಲ್ಲೇ ಇರುತ್ತಿತ್ತು.

ಬುಟ್ಟಿಯ ತಳದಲ್ಲಿ ಹಳೆ ಸೀರೆಯಲ್ಲಿ ಸುತ್ತಿದ ಗಾಜಿನ ಚಿತ್ರ ಇತ್ತು. ಮುಮತಾಜಳ ಗಂಡ ಖುರ್ಷಿದ ಗಾಜಿನ ಹಿಂಬದಿಗೆ ಬಣ್ಣ ಬರೆಯುವವನು. ಅವನ ಗಣಪತಿ, ಲಕ್ಷ್ಮಿ ಎಲ್ಲ ಮಾರಿಹೋಗಿ ಇದೊಂದು ಉಳಿದಿತ್ತು. ಭೀಮಾನದಿಯ ದಂಡೆಯಲ್ಲಿ ನೀರಿಗೆ ಕಾಲು ಬಿಟ್ಟು ಕೂತ ಹೆಣ್ಣುಮಗಳು, ಹಸಿರು ಸೀರೆ, ಯಾರೋ ಕರೆದಂತೆ ತಿರುಗಿ ನೋಡುತ್ತಿದ್ದಾಳೆ. ಅಷ್ಟೇ.

ಸುಮಿತ್ರಕ್ಕ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಳೆ ಮರೆತಳು.

"ಇಕಿ ದೇವ್ರಲ್ಲ ಬಾಯಾರ, ಪೂಜಿಗಿ ಬರಂಗಿಲ್ಲ," ಎಂದಳು ಮುಮತಾಜ.

"ಪೂಜಿಗಲ್ಲ ಬೇ, ನೋಡಾಕ."

ತವರಿನವರು ಹಾಕಿ ಕಳಿಸಿದ್ದ ಕಾಲಿನ ಬೆಳ್ಳಿ ಪೈಂಜಣ ಬಿಚ್ಚಿ ಕೊಟ್ಟಳು. ಒಂದೇ ಸಾಕು ಎಂದು ಮುಮತಾಜ ಎಷ್ಟೋ ಹೇಳಿದಳು. "ಇನ್ನೊಂದು ಇಟ್ಕೊಂಡು ಏನ್ ಮಾಡ್ಲಿ, ಕುಂಟಿ ಆಡ್ಲೇನು?" ಎಂದು ಸುಮಿತ್ರಕ್ಕ ನಕ್ಕಳು. ಅವಳು ಆ ಮನೆಯಲ್ಲಿ ನಕ್ಕದ್ದನ್ನು ನಾನು ನೋಡಿದ್ದು ಕಡಿಮೆ.

ಸಂಜೆ ಭಾವ ಬಂದು ಕೋಣೆಯ ಗೋಡೆಗೆ ತೂಗಿದ ಚಿತ್ರ ನೋಡಿದರು, ಅವಳ ಬರಿಗಾಲು ನೋಡಿದರು. "ಬೆಳ್ಳಿ ಮುರುದ್ರೂ ಬೆಳ್ಳಿ. ಗಾಜು ಮುರುದ್ರ ಏನ್ ಬರ್ತದ?" ಎಂದವರು ಆಮೇಲೆ ಅವಳೊಡನೆ ಮಾತು ಬಿಟ್ಟರು. ಅವಳು ಮಾತ್ರ ಬೀಸುವ ಕೆಲಸ ಬೇಗ ಮುಗಿಸಿ ಚಿತ್ರದ ಮುಂದೆ ಹೋಗಿ ಕೂಡುತ್ತಿದ್ದಳು. ಏನು ನೋಡುತ್ತಿ ಅಂತ ಕೇಳಿದೆ. "ಇಕಿನ್ನ ಕರದವ್ರು ಯಾರಂತ ನೋಡಾಕತ್ತೇನಿ. ಈ ಮನ್ಯಾಗ ನಂದು ಅಂಬೋದು ಇದೊಂದ ಅದ, ತಂಗಿ," ಎಂದಳು.

ನಮ್ಮ ಅತ್ತೆ ಮಲ್ಕಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಒಂದು ದಿನ ಗೋಡೆ ಹಿಡಿದು ಬರುವಾಗ ಅವರ ಕೈಗೆ ಚಿತ್ರದ ಚೌಕಟ್ಟು ಸಿಕ್ಕಿತು. ಯಾರಾಕಿ ಎಂದು ಕೇಳಿದರು. ಯಾರೂ ಅಲ್ಲ ಎಂದಳು ಸುಮಿತ್ರಕ್ಕ.

"ಯಾರೂ ಅಲ್ಲದಾಕಿ ಗ್ವಾಡಿ ಮ್ಯಾಲ ಯಾಕ ಇರ್ತಾಳ?"

ನಮ್ಮ ಮನೆಗಳ ಗೋಡೆ ಮೇಲೆ ಇರುವುದು ದೇವರು, ಇಲ್ಲವೇ ಸತ್ತವರು. ಅತ್ತೆ ಗಾಜಿಗೆ ಮುಖ ಹಚ್ಚಿ ನೋಡಿದರು. ಅವರಿಗೆ ಕಂಡದ್ದು ಹಸಿರು ಬಣ್ಣ. ಶಾರದಾಬಾಯಿಯನ್ನು ಹಸಿರು ಸೀರೆ ಉಡಿಸಿಯೇ ಮಣ್ಣು ಮಾಡಿದ್ದರು. ಅತ್ತೆ ಅಲ್ಲೇ ಕೂತು ಅತ್ತರು. ಸವತಿಯ ಚಿತ್ರ ಬರೆಸಿ ಹಾಕಿದ ಸೊಸೆ ಅಂತ ಓಣಿಯೆಲ್ಲ ಹೊಗಳಿತು.

ಭಾವನೂ ಬಂದು ರುಮಾಲು ತೆಗೆದು ನಿಂತರು, ಕಣ್ಣು ಒರೆಸಿಕೊಂಡರು. ಬಹಳ ದಿನಕ್ಕೆ ಅವಳ ಕಡೆ ತಿರುಗಿ, ಉಂಡಿಯೇನು ಅಂತ ಕೇಳಿದರು. ಸುಮಿತ್ರಕ್ಕ ಅವರ ಮುಖ ನೋಡಿದಳು. ಚಿತ್ರದವಳು ಶಾರದಾಬಾಯಿ ಅಲ್ಲ ಎನ್ನುವ ಮಾತು ಅವಳ ಬಾಯಲ್ಲೇ ನಿಂತಿತು.

ಮರುದಿನ ಚಿತ್ರ ಅವಳ ಕೋಣೆಯಿಂದ ದೇವರ ಜಗಲಿಗೆ ಹೋಯಿತು. ಹಣೆಗೆ ದಿನಾ ಕುಂಕುಮ, ಕರ್ಪೂರದ ಹೊಗೆ, ಅಮಾವಾಸ್ಯೆಗೆ ಎಡೆ. ಬೆಳಿಗ್ಗೆ ಎದ್ದು ಸುಮಿತ್ರಕ್ಕನೇ ಮೊದಲು ಅಡ್ಡಬೀಳಬೇಕು. ವರ್ಷ ಹೋಗುವುದರೊಳಗೆ ಮುಖವೂ ಕಾಣದು, ನದಿಯೂ ಕಾಣದು. ಎಲ್ಲರೂ ಕೈ ಮುಗಿಯುವವರೇ, ನೋಡುವವರು ಒಬ್ಬರೂ ಇರಲಿಲ್ಲ.

ಹೋಳಿ ಹುಣ್ಣಿಮೆಯ ದಿನ ಅವಳು ಸೆರಗು ತೋಯಿಸಿ ಗಾಜು ಒರೆಸಿದಳು. ಬಣ್ಣ ಹಿಂಬದಿಗೆ ಇದ್ದುದರಿಂದ ಏನೂ ಕೆಟ್ಟಿರಲಿಲ್ಲ. ಮುಖ, ಕಾಲು, ನೀರು, ಇದ್ದಹಾಗೇ ಬಂದವು. ನೋಡುತ್ತ ಮೈಮರೆತಳು. ಕುಂಕುಮ ಹಚ್ಚಲು ಬಂದ ಅತ್ತೆಯ ಬೆರಳಿಗೆ ಒದ್ದೆ ಗಾಜು ತಾಗಿತು.

"ಮುತ್ತೈದಿ ಹಣಿ ಒರಸೀದೆಲ್ಲ ಬೇ. ನನ್ನ ಮಗನ ಆಯುಷ್ಯಾ ಒರಸೀದಿ."

"ಅಕಿ ಯಾರೂ ಅಲ್ರಿ ಅತ್ತಿ. ನಾ ನೋಡಾಕ ತಗೊಂಡಾಕಿ," ಎಂದಳು ಸುಮಿತ್ರಕ್ಕ.

ಸವತಿ ಮತ್ಸರಕ್ಕೆ ಈಗ ಸುಳ್ಳನ್ನೂ ಸೇರಿಸಿದಳು ಎಂದರು ಅತ್ತೆ. ಭಾವನಿಗೆ ಹೇಳಿಕಳಿಸಿದರು. ಅವರಾದರೂ ನೋಡುತ್ತಾರೆ ಅಂದುಕೊಂಡೆ. ಚಿತ್ರದ ಮುಖ ಸ್ವಚ್ಛವಿತ್ತು, ಅದರಲ್ಲಿ ಶಾರದಾಬಾಯಿಯ ಹೋಲಿಕೆ ಒಂದಿಷ್ಟೂ ಇರಲಿಲ್ಲ. ಭಾವ ತಲೆ ಬಗ್ಗಿಸಿಕೊಂಡೇ ಬಂದು, ಹೆಬ್ಬೆರಳ ತುಂಬ ಕುಂಕುಮ ತೆಗೆದು ಆ ಹಣೆಗೆ ಹಚ್ಚಿದರು. ಮುಖ ಮುಚ್ಚಿತು. ನಾಳೆ ಗಾಡಿ ಕಟ್ಟಿರಿ ಎಂದರು.

ಗಾಡಿ ಹತ್ತುವಾಗ ಅವಳು ಬೇರೇನೂ ಕೇಳಲಿಲ್ಲ, ಚಿತ್ರ ಒಂದು ಕೇಳಿದಳು.

"ನಮ್ಮ ಮನ್ಯಾಗ ಸತ್ತಾಕಿನ್ನ ನಿಮ್ಮ ಮನಿಗಿ ಕಳಸ್ತಾರೇನು?" ಎಂದರು ಭಾವ.

ಮಂಗಳವಾರ ನಮ್ಮಲ್ಲಿ ಮನೆಯ ಹೆಣ್ಣುಮಕ್ಕಳನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಸುಮಿತ್ರಕ್ಕ ಖಜೂರಿಯ ತವರಿಗೆ ಹೋದದ್ದು ಹೋಳಿಯ ಮರುದಿನ, ಮಂಗಳವಾರ.