ಗಂಟೆಯಣ್ಣನ ಸರದಿ

ತಮ್ಮನ ಮನೆಯ ಹಾಲ್‌ನಲ್ಲಿ ಎಲ್ಲರೂ ಟಿವಿ ಕಡೆ ಮುಖ ಮಾಡಿ, ಕೈಯಲ್ಲಿ ಫೋನ್ ಹಿಡಿದು ಕೂತಿದ್ದರು. ಅಕ್ಕನ ಮಡಿಲಲ್ಲಿ ಮಾತ್ರ ಎರಡು ಫೋನುಗಳಿದ್ದವು. ಒಂದು ಅವಳದು, ಇನ್ನೊಂದು ಪಕ್ಕದಲ್ಲಿದ್ದ ಗಂಡನದು.

ಗಂಡ ಹಳೆ ಸಾಮಾನಿನ ಹರಾಜು ಕೂಗುತ್ತಿದ್ದವನು. ಕಾಲು ಮುರಿದ ಕುರ್ಚಿಯನ್ನೂ ಮಾರಿಬಿಡುತ್ತಿದ್ದ ಆ ಗಂಟಲಿಗಾಗಿಯೇ ಜನ ಅವನನ್ನು ಗಂಟೆಯಣ್ಣ ಎಂದು ಕರೆಯುತ್ತಿದ್ದರು. ಹೋದ ವರ್ಷ ಲಕ್ವ ಹೊಡೆಯಿತು. ಕೈಕಾಲು ಸರಿಹೋದವು, ಮಾತು ಮಾತ್ರ ಕೈಕೊಟ್ಟಿತು. ನೀರು ಎನ್ನಹೋಗಿ ಬಾಗಿಲು ಎನ್ನುತ್ತಾನೆ. ತಪ್ಪೆಂದು ತಿಳಿದು ಮುಖ ಕೆಂಪಾಗುತ್ತದೆ. ಅಂಗಡಿಯಲ್ಲಿ ಯಾರೋ ಕಿಸಕ್ಕನೆ ನಕ್ಕಿದ್ದೇ ಸಾಕಾಯಿತು, ಆಮೇಲೆ ಹೊಸಿಲು ದಾಟಲಿಲ್ಲ. ಅಕ್ಕ ಕಾಡಿ ಬೇಡಿ ಇವತ್ತು ಕರೆತಂದಿದ್ದಾಳೆ. ಇಲ್ಲೂ ಜನ ನಕ್ಕರೆ ಮುಗಿಯಿತು, ಮತ್ತೆ ಹೊರಗೆ ಬರುವ ಆಸಾಮಿಯಲ್ಲ.

ಆಟ ಇಷ್ಟೇ: ಟಿವಿಯಲ್ಲಿ ಪ್ರಶ್ನೆ ಬರುತ್ತದೆ, ಅವರವರ ಫೋನಿನಲ್ಲಿ ತಮಾಷೆಯ ಉತ್ತರ ಬರೆಯಬೇಕು, ಉಳಿದವರ ಓಟು ಬಿದ್ದಷ್ಟು ಅಂಕ. ಗಂಡನ ಬೆರಳು ಅಕ್ಷರ ಹುಡುಕಿ ನಿಂತಿದ್ದನ್ನು ಕಂಡ ಅಕ್ಕ ಸದ್ದಿಲ್ಲದೆ ಅವನ ಫೋನನ್ನು ಎಳೆದುಕೊಂಡಿದ್ದಳು. ‘ಕೆಲಸಕ್ಕೆ ತಡವಾಗಿ ಹೋದರೆ ಏನು ನೆಪ ಹೇಳುತ್ತೀರಿ?’ ಎಂದು ಟಿವಿ ಕೇಳಿತು. ಅವನ ಹೆಸರಿನಲ್ಲಿ ಅವಳು ಬರೆದಳು: ‘ಬೇಗನೇ ಬಂದಿದ್ದೆ ಸಾರ್, ನೀವಿರಲಿಲ್ಲ ಅಂತ ವಾಪಸ್ ಹೋದೆ.’

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. “ಭಾವ, ನೀವು ಹಳೇ ಹುಲಿ ಬಿಡಿ!” ಎಂದ ತಮ್ಮ.

ಗಂಟೆಯಣ್ಣ ನಗಲಿಲ್ಲ. ಅಕ್ಕ ಅದನ್ನು ಗಮನಿಸಬೇಕಿತ್ತು, ಆದರೆ ಅವಳಿಗೆ ಹುರುಪು ಹತ್ತಿತ್ತು. ಇನ್ನೊಂದು ಬರೆದಳು, ಮತ್ತೊಂದು ಬರೆದಳು. ಗಂಡನ ಅಂಕ ಏರುತ್ತಲೇ ಹೋಯಿತು.

ಆಗ ಕೊನೆಯ ಸುತ್ತಿನ ನಿಯಮ ಮೂಡಿತು. ಹೆಚ್ಚು ಅಂಕ ಗಳಿಸಿದವರು ಎದ್ದು ನಿಂತು, ಟಿವಿ ತೋರಿಸುವ ಚಿತ್ರದ ಬಗ್ಗೆ ಅದರ ಗಡಿಯಾರ ನಿಲ್ಲುವ ತನಕ ಮಾತಾಡಬೇಕು. ಕೆಳಗೆ ದಪ್ಪಕ್ಷರದಲ್ಲಿ ಗಂಟೆಯಣ್ಣ ಎಂದಿತ್ತು.

ಅಕ್ಕ ಗಂಡನನ್ನು ಕಾಪಾಡಲು ಹೋಗಿ ತಾನೇ ಗುಂಡಿ ತೋಡಿದ್ದಳು ಪುಣ್ಯಾತ್ಗಿತ್ತಿ.

“ಅವರಿಗೆ ಗಂಟಲು ಸರಿಯಿಲ್ಲ ಕಣೋ, ನಾನು ಮಾತಾಡ್ತೀನಿ.”

“ಅದೆಲ್ಲ ನಡೆಯಲ್ಲಕ್ಕ. ಬರೆದಿದ್ದು ನೋಡಿದ್ರೆ ಗೊತ್ತಾಗಲ್ವಾ, ಭಾವ ಪೂರ್ತಿ ಹುಷಾರಾಗಿದ್ದಾರೆ!”

ಗಂಟೆಯಣ್ಣ ಎದ್ದು ನಿಂತ. ಗಾಳಿಗೆ ಮೇಲುಮುಖವಾಗಿ ಮಗುಚಿಕೊಂಡ ಕೊಡೆಯ ಚಿತ್ರ ಬಂತು. ಗಡಿಯಾರ ಓಡತೊಡಗಿತು.

“ಇದು... ಇದು... ಬಕೆಟ್ಟು.”

ನಗು ಸಿಡಿಯಿತು. ಅವನ ಮುಖ ಕೆಂಪಾಯಿತು. ಎಳೆದುಕೊಂಡು ಮನೆಗೆ ಓಡಿಬಿಡಬೇಕು ಎನಿಸಿತು ಅಕ್ಕನಿಗೆ. ಆದರೆ ಅವನು ಚಿತ್ರವನ್ನು ಮತ್ತೊಮ್ಮೆ ನೋಡಿದ.

“ನೀರು... ತುಂಬುತ್ತೆ!” ಎಂದು ಹಳೇ ವರಸೆಯಲ್ಲಿ ಕೈ ಎತ್ತಿದ. “ಕೂಗಿ! ಎಷ್ಟು?”

“ನನ್ನ ಗಂಡನ್ನೇ ಕೊಡ್ತೀನಿ!” ಎಂದಳು ತಮ್ಮನ ಹೆಂಡತಿ.

“ಗಂಡ! ಒಂದು ಸಾರಿ!” ಕಿಟಕಿಯ ಗಾಜು ಅದುರಿತು. ಅದೇ ಗಂಟಲು. ಇಷ್ಟು ವರ್ಷ ಕೂಗಿದ ಮಾತನ್ನು ಹುಡುಕಬೇಕಾಗಿರಲಿಲ್ಲ. “ಗಂಡ! ಎರಡು ಸಾರಿ! ಗಂಡ...”

ಅಲ್ಲಿಗೆ ನಿಂತುಹೋಯಿತು. ಬಾಯಿ ತೆರೆದೇ ಇತ್ತು, ಪದ ಬರಲಿಲ್ಲ. ಟಿವಿ ಸಮಯ ಮುಗಿಯಿತೆಂದು ಕೂಗಿಕೊಂಡಿತು. ಈಗ ಯಾರೂ ನಗಲಿಲ್ಲ, ತಮ್ಮನಿಗೂ ಅರ್ಥವಾಗಿತ್ತು. ಅಕ್ಕನ ನಾಲಿಗೆಯ ತುದಿಗೆ ಮೂರು ಎಂಬುದು ಬಂದುಬಿಟ್ಟಿತ್ತು. ಅವಳ ಕಡೆ ತಿರುಗದೆಯೇ ಅವನು ತಡಿ ಎಂಬಂತೆ ಅಂಗೈ ಚಾಚಿದ. ಅವಳು ನಾಲಿಗೆ ಕಚ್ಚಿಕೊಂಡಳು. ಒಂದು ವರ್ಷದಿಂದ ಅವನ ಮಾತನ್ನೆಲ್ಲ ತಾನೇ ಮುಗಿಸುತ್ತಿದ್ದವಳಿಗೆ ಅದು ಸುಲಭವಿರಲಿಲ್ಲ.

“ಮೂರು ಸಾರಿ!” ಎಂದು ಮೇಜು ಗುದ್ದಿದ. ಲೋಟಗಳು ಕುಣಿದವು.

ಚಪ್ಪಾಳೆಯ ನಡುವೆ ಬೆವರುತ್ತಾ ಬಂದು ಕೂತ.

“ಮನೆಗೆ ಹೋಗೋಣ್ವಾ?” ಎಂದು ಅಕ್ಕ ಮೆಲ್ಲಗೆ ಕೇಳಿದಳು.

ಅವನು ಬೇಡವೆಂದು ತಲೆಯಲ್ಲಾಡಿಸಿ ಅವಳ ಮಡಿಲ ಕಡೆ ಕೈ ನೀಡಿದ. “ನಂದು. ಕೊಡು.”

ಅಕ್ಕ ಫೋನು ಕೊಟ್ಟಳು. ಹೊಸ ಆಟದ ಮೊದಲ ಪ್ರಶ್ನೆಗೆ ಅವನ ಹೆಸರಿನ ಮುಂದೆ ಮೂಡಿದ್ದು ಅರ್ಧ ಪದ. ಒಂದೇ ಒಂದು ಓಟೂ ಬೀಳಲಿಲ್ಲ. ಗಂಟೆಯಣ್ಣ ಅದನ್ನು ನೋಡಿ ಗಟ್ಟಿಯಾಗಿ ನಕ್ಕ.