ಪ್ರಯೋಗಪ್ಪ ಮತ್ತು ಹಳೆಯ ವರ್ಷನ್

ಅವನಿಗೆ ಪ್ರಯೋಗಪ್ಪ ಎಂದು ಹೆಸರಿಟ್ಟವಳು ಅಕ್ಕ. ನೆಟ್ಟಗೆ ನಡೆಯುತ್ತಿರುವ ವಸ್ತುವನ್ನು ಕಂಡರೆ ಸಾಕು, ಅವನ ಕೈ ತುರಿಸುತ್ತದೆ. ಮನೆಯ ವೈಫೈ ರೌಟರಿಗೂ ಅದೇ ಗತಿ. ಕಂಪನಿ ತುಂಬಿಕೊಟ್ಟಿದ್ದ ತಂತ್ರಾಂಶವನ್ನು ಕಿತ್ತುಹಾಕಿ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ತಂತ್ರಾಂಶ ಹಾಕಿಕೊಂಡಿದ್ದ. ಹೊಸ ವರ್ಷನ್ ಬಂತೆಂದರೆ ಊಟ ಬಿಟ್ಟು ಅದನ್ನು ರೌಟರಿಗೆ ಏರಿಸುತ್ತಿದ್ದ.

ಆ ಭಾನುವಾರವೂ ಬೆಳಿಗ್ಗೆಯೇ ಏರಿಸಿದ. ಭಾನುವಾರ ಅಕ್ಕನ ದಿನವೆಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಗಂಡನಿಂದ ಬೇರೆಯಾಗಿ ಬಂದ ಮೇಲೆ, ಭಾವನ ಬಳಿ ಇರುವ ಮಗಳ ಜೊತೆ ಅವಳಿಗೆ ವಿಡಿಯೊದಲ್ಲಿ ಮಾತಾಡಲು ಸಿಗುವುದು ವಾರಕ್ಕೆ ಅರ್ಧ ಗಂಟೆ. ನೆಲಮಾಳಿಗೆಯ ಆ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗದು, ವೈಫೈಯೇ ಗತಿ.

ಮಗು ಬಿದ್ದ ಹಲ್ಲಿನ ಜಾಗ ತೋರಿಸಲು ಬಾಯಿ ತೆರೆದಾಗ ಚಿತ್ರ ನಿಂತು ನಿಂತು ಬರತೊಡಗಿತು. ಪಕ್ಕದ ಕೋಣೆಯಲ್ಲಿದ್ದ ಇವನಿಗೆ ಅಕ್ಕನ ‘ಹಲೋ, ಹಲೋ’ ಕೇಳಿಯೇ ಅರ್ಥವಾಯಿತು, ಹೊಸ ವರ್ಷನ್ನಿನ ಕಿತಾಪತಿ. ಸುಮ್ಮನೆ ಕೈಕಟ್ಟಿ ಕೂತಿದ್ದರೆ ಹೇಗೋ ನಡೆದುಹೋಗುತ್ತಿತ್ತು. ಪ್ರಯೋಗಪ್ಪ ಸುಮ್ಮನೆ ಕೂರುವುದುಂಟೆ? ಹಳೆಯ ವರ್ಷನ್ನಿಗೆ ಮರಳುವುದು ಎರಡು ನಿಮಿಷದ ಕೆಲಸ, ಅಕ್ಕನಿಗೆ ಗೊತ್ತೇ ಆಗುವುದಿಲ್ಲ ಎಂದುಕೊಂಡ. ‘ಸೆಟ್ಟಿಂಗ್ ಹಾಗೇ ಉಳಿಸು’ ಎಂಬುದರ ಮುಂದಿದ್ದ ಟಿಕ್ ತೆಗೆಯದೆಯೇ ಒತ್ತಿಬಿಟ್ಟ. ಹೊಸದರ ಸೆಟ್ಟಿಂಗ್ ಹಳೆಯದಕ್ಕೆ ಜೀರ್ಣವಾಗುವುದಿಲ್ಲ, ಎಲ್ಲ ಅಳಿಸಿಕೊಂಡೇ ಹಿಂದೆ ಬರಬೇಕು ಎಂದು ಊರಿಗೆಲ್ಲ ಪಾಠ ಹೇಳುವವನು ಅವನೇ. ರೌಟರ್ ಪಿಳಿಪಿಳಿ ಕಣ್ಣು ಬಿಡುತ್ತ ಕೂತಿತು, ಅಕ್ಕನ ಕರೆ ಕಡಿದುಹೋಯಿತು.

ಅಕ್ಕ ಚಪ್ಪಲಿಯನ್ನೂ ಮೆಟ್ಟದೆ ಫೋನ್ ಹಿಡಿದು ಬೀದಿಗೆ ಓಡಿದಳು. ಸಿಗ್ನಲ್ ಸಿಕ್ಕಾಗ ಆ ಕಡೆ ಯಾರೂ ಎತ್ತಲಿಲ್ಲ. ಭಾವನ ಮೆಸೇಜು ಮಾತ್ರ ಬಂತು: ‘ಅರ್ಧದಲ್ಲೇ ಕಟ್ ಮಾಡುವಷ್ಟು ಅವಸರವಿದ್ದರೆ ಇನ್ನು ಈ ಕರೆಗಳೇ ಬೇಡ.’

ಅವಳು ಒಳಗೆ ಬರುವಷ್ಟರಲ್ಲಿ ಇವನು ಸೂಜಿಯಿಂದ ರಿಸೆಟ್ ಒತ್ತಿ, ಎಲ್ಲ ಅಳಿಸಿ, ವೈಫೈ ಮತ್ತೆ ಕೂಡಿಸಿದ್ದ.

“ನೀನಿರೋದಕ್ಕೆ ವೈಫೈ ಆದ್ರೂ ಸರಿಯಾಗಿದೆ ಕಣೋ,” ಎಂದಳು ಅಕ್ಕ ಮೂಗು ಒರೆಸಿಕೊಳ್ಳುತ್ತ. “ನನ್ನ ಫೋನೇ ದರಿದ್ರದ್ದು. ಮೊನ್ನೆ ಬೀಳಿಸಿದ್ನಲ್ಲ, ಅದಕ್ಕೇ ಕೈಕೊಡ್ತು. ತಪ್ಪು ನಂದೇ.”

ಇವನು ಹೂಂ ಎಂದ. ತನ್ನ ಮುಖಕ್ಕೆ ತಾನೇ ಉಗಿದುಕೊಳ್ಳಬೇಕು ಎನಿಸಿತು, ಆದರೂ ಹೂಂ ಎಂದ. ಆ ವಾರ ಅಕ್ಕ ಬೀದಿಯಲ್ಲಿ ನಿಂತು ಭಾವನಿಗೆ “ಇದೊಂದ್ಸಲ, ಇದೊಂದೇ ಸಲ” ಎಂದು ಗೋಗರೆಯುವುದನ್ನು ಕಿಟಕಿಯಿಂದ ಕೇಳಿಸಿಕೊಂಡ. ಆಗಲೂ ಬಾಯಿ ಬಿಡಲಿಲ್ಲ, ಹೇಡಿ.

ಮುಂದಿನ ಭಾನುವಾರ ಅವನು ರೌಟರಿನ ಹತ್ತಿರ ಸುಳಿಯಲಿಲ್ಲ. ಭಾವ ಕೊನೆಗೂ ಒಪ್ಪಿದ್ದ, ಕರೆ ಕೂಡಿತು. ಮಗು ಮುಖ ಊದಿಸಿಕೊಂಡಿತ್ತು.

“ನಾನು ಹಲ್ಲು ತೋರಿಸ್ತಿದ್ರೆ ಯಾಕಮ್ಮ ಕಟ್ ಮಾಡ್ದೆ?”

“ತಪ್ಪಾಯ್ತು ಪುಟ್ಟಾ, ನಂದೇ ತಪ್ಪು...”

ಇನ್ನು ಅವನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಫೋನಿನ ಮುಂದೆ ಬಗ್ಗಿದ.

“ಅಮ್ಮ ಅಲ್ಲ ಪುಟ್ಟಾ, ಮಾಮ ಮಾಡಿದ್ದು. ವೈಫೈ ಡಬ್ಬಿ ಸರಿಮಾಡ್ತೀನಿ ಅಂತ ಹೋಗಿ ಕೆಡಿಸ್ಬಿಟ್ಟೆ. ಅಮ್ಮ ನಿಂಗೋಸ್ಕರ ಬರಿಗಾಲಲ್ಲಿ ಬೀದಿಗೆ ಓಡಿದ್ಲು.”

ಅಕ್ಕ ತಿರುಗಿ ನೋಡಿದಳು.

ಮಗು ಫೋನಿಗೆ ಮುಖ ಹತ್ತಿರ ತಂದಿತು. “ಹಂಗಾದ್ರೆ ಅಪ್ಪಂಗೂ ಹೇಳು ಮಾಮ. ಅಮ್ಮಂಗೆ ನಾನು ಬೇಡ ಅಂತ ಅಪ್ಪ ಅಂದ್ಕೊಂಡಿದಾರೆ. ನಾನೂ ಹಂಗೇ ಅಂದ್ಕೊಂಡಿದ್ದೆ.”

ಅಲ್ಲಿ ಫೋನು ಕೈ ಬದಲಾಯಿಸಿತು. ಭಾವನ ಮುಖ ಬಂತು.

“ಅಕ್ಕ ಕಟ್ ಮಾಡಿದ್ದಲ್ಲ ಭಾವ. ನಾನು.”

“ಕೇಳಿಸ್ಕೊಂಡೆ,” ಎಂದ ಭಾವ. “ಮಗು ವಾರ ಪೂರ್ತಿ ಅತ್ತಿದೆ. ಇಷ್ಟು ಹೇಳೋಕೆ ಒಂದು ವಾರ ಬೇಕಾಯ್ತೇನಯ್ಯಾ?”

ಅಕ್ಕನೂ ಇವನ ಮುಖವನ್ನೇ ನೋಡುತ್ತ ಉತ್ತರಕ್ಕೆ ಕಾದಿದ್ದಳು.